ಡಿಯರ್‌ಬಾರ್ನಿನ ಬಸ್ಸು: ‘ಯಾಕೆ’ ಅಂದರೆ ಸುಮ್ಮನಾಗುವ ಮಕ್ಕಳಿಗೆ

ಡೆಟ್ರಾಯ್ಟ್ ಪಕ್ಕದ ಡಿಯರ್‌ಬಾರ್ನಿನಲ್ಲಿರುವ ಹೆನ್ರಿ ಫೋರ್ಡ್ ಮ್ಯೂಸಿಯಂ ಬಗ್ಗೆ ರಿವ್ಯೂಗಳಿಗೇನೂ ಬರವಿಲ್ಲ. ಹೆಚ್ಚಿನವರು ಕಾರುಗಳ ಬಗ್ಗೆ ಬರೆಯುತ್ತಾರೆ. ಕೆನಡಿಗೆ ಗುಂಡು ಬಿದ್ದಾಗ ಕೂತಿದ್ದ ಲಿಮೋಸಿನ್ ಬಗ್ಗೆ ಬರೆಯುತ್ತಾರೆ. ನಾನು ಬರೆಯುತ್ತಿರುವುದು ಅಲ್ಲಿರುವ ಒಂದೇ ಒಂದು ಬಸ್ಸಿನ ಬಗ್ಗೆ. 1955ರಲ್ಲಿ ರೋಸಾ ಪಾರ್ಕ್ಸ್ ಅನ್ನುವ ಕಪ್ಪು ಮಹಿಳೆ ಬಿಳಿಯನಿಗೆ ಸೀಟು ಬಿಟ್ಟುಕೊಡಲು ಒಪ್ಪದೆ ಅರೆಸ್ಟ್ ಆದ ಬಸ್ಸು ಅದು. ಮಾತು ತಡವಾದ ಮಗುವಿಗೆ, ಅಥವಾ ಮಾತು ಬಂದರೂ ನಡೆದದ್ದನ್ನು ಸರಿಯಾಗಿ ಹೇಳಲು ಬಾರದ ಮಗುವಿಗೆ ಈ ಬಸ್ಸಿನಿಂದ ಏನು ಸಿಗುತ್ತದೆ ಅನ್ನುವುದಷ್ಟೇ ನನ್ನ ವಿಷಯ.

ನಾನು ಸ್ಪೀಚ್ ಥೆರಪಿಸ್ಟ್. ಓದಿದ್ದು ಮೈಸೂರಿನ ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಯಲ್ಲಿ. ಈಗ ಮಿಶಿಗನ್ನಿನ ಒಂದು ಶಾಲೆಯಲ್ಲಿ ಕೆಲಸ. ಈ ಸಲ ಮಾತ್ರ ಶಾಲೆಯ ಮಕ್ಕಳ ಜೊತೆ ಹೋಗಿರಲಿಲ್ಲ. ನನ್ನ ತಂಗಿಯ ಇಬ್ಬರು ಮಕ್ಕಳು ಮತ್ತು ಮೈಸೂರಿನಿಂದ ಬಂದಿದ್ದ ನಮ್ಮಮ್ಮ, ಅಂದರೆ ಮಕ್ಕಳ ಅಜ್ಜಿ, ಇವರ ಜೊತೆ ಹೋಗಿದ್ದು. ದೊಡ್ಡವಳಿಗೆ 11 ವರ್ಷ, ಬಾಯಿ ಜೋರು. ಚಿಕ್ಕವನಿಗೆ 7. ಅವನಿಗೆ ಪದಗಳಿವೆ, ವಾಕ್ಯಗಳೂ ಇವೆ. ಆದರೆ ಕಾರಣ ಕೇಳಿದರೆ ತಡವರಿಸುತ್ತಾನೆ. “ಯಾಕೋ ಅಳ್ತಿದ್ದೀಯ?” ಅಂದರೆ “ಪಾರ್ಕಲ್ಲಿ” ಅನ್ನುತ್ತಾನೆ. ಯಾಕೆ ಅಂತ ಕೇಳಿದರೆ ಎಲ್ಲಿ ಅಂತ ಹೇಳುವುದು ಭಾಷೆ ಹಿಂದುಳಿದ ಮಕ್ಕಳಲ್ಲಿ ನಾವು ದಿನಾ ನೋಡುವ ಸಂಗತಿ. ಮನೆಯವರು ಇದನ್ನು ತುಂಟತನ ಅಂದುಕೊಳ್ಳುತ್ತಾರೆ. ತುಂಟತನವಲ್ಲ.

ಬಸ್ಸಿಗೆ ಬರುವ ಮುಂಚೆ ಒಂದು ದೂರು ಹೇಳಿಬಿಡುತ್ತೇನೆ.

ಪ್ರತಿ ವರ್ಷ ಫೆಬ್ರವರಿ ಬಂದರೆ ಅಮೆರಿಕದ ಶಾಲೆಗಳಲ್ಲಿ ಕಪ್ಪು ಜನರ ಇತಿಹಾಸದ ತಿಂಗಳು. ನಮ್ಮಂಥ ಥೆರಪಿಸ್ಟುಗಳು ಅದಕ್ಕೆ ತಕ್ಕ ಸಾಮಗ್ರಿ ಹುಡುಕುತ್ತೇವೆ. ಆನ್‌ಲೈನಿನಲ್ಲಿ ರಾಶಿ ರಾಶಿ ಸಿಗುತ್ತದೆ. ದುಡ್ಡು ಕೊಡಿ, ಡೌನ್‌ಲೋಡ್ ಮಾಡಿ, ಪ್ರಿಂಟ್ ತೆಗೆಯಿರಿ, ಲ್ಯಾಮಿನೇಟ್ ಮಾಡಿ. ನಾನೂ ಅಂಥದ್ದೊಂದು ಪ್ಯಾಕೆಟ್ ಕೊಂಡಿದ್ದೆ. ಮಾರಿದವರ ಹೆಸರು ಬೇಡ, ಅಂಥವರು ಬೇಕಾದಷ್ಟು ಜನ ಇದ್ದಾರೆ. ಚಿತ್ರಗಳು ಚೆಂದ, ಬಣ್ಣ ಚೆಂದ. ರೋಸಾ ಪಾರ್ಕ್ಸ್ ಕತೆಗೆ ನಾಲ್ಕು ಕಾರ್ಡು. ಬಸ್ ಹತ್ತಿದಳು, ಕೂತಳು, ಸುಸ್ತಾಗಿತ್ತು ಅಂತ ಏಳಲಿಲ್ಲ, ಪೊಲೀಸ್ ಬಂದರು. ಮಗು ಕಾರ್ಡುಗಳನ್ನು ಸಾಲಾಗಿ ಜೋಡಿಸಿದರೆ ಮುಗಿಯಿತು, ಸ್ಟಾರ್ ಸ್ಟಿಕ್ಕರ್ ಅಂಟಿಸಿ. ಆಮೇಲೆ ರಕಾರ ಕಲಿಸಲು ‘ರೋಸಾ’, ‘ಪಾರ್ಕ್ಸ್’, ‘ಅರೆಸ್ಟ್’ ಅಂತ ಪದಗಳ ಪಟ್ಟಿ ಬೇರೆ.

ಆ ಮೂರನೇ ಕಾರ್ಡಿಗೆ ನನ್ನ ತಕರಾರು. ಆಕೆ ಏಳದಿದ್ದದ್ದು ಸುಸ್ತಿನಿಂದಲ್ಲ. ದಿನದ ಕೆಲಸ ಮುಗಿಸಿ ಎಂದಿನಷ್ಟೇ ದಣಿದಿದ್ದೆ, ಇನ್ನೊಬ್ಬರಿಗೆ ಬಗ್ಗಿ ಬಗ್ಗಿ ಸಾಕಾಗಿತ್ತು ಅನ್ನುವ ಅರ್ಥದ ಮಾತನ್ನು ಆಕೆಯೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆಗ ವಯಸ್ಸು 42. ಕೆಲವರು ಆಗಲೇ ಮುದುಕಿ ಅಂದುಕೊಂಡಿದ್ದಾರೆ, ಅದೂ ನಿಜವಲ್ಲ ಅಂತ ಆಕೆ ಅಲ್ಲೇ ಬರೆದಿದ್ದಾರೆ. ಇದು ಬರೀ ಇತಿಹಾಸದ ತಪ್ಪಾಗಿದ್ದರೆ ಮೇಷ್ಟ್ರುಗಳು ನೋಡಿಕೊಳ್ಳಲಿ ಅಂತ ಬಿಡುತ್ತಿದ್ದೆ. ನನ್ನ ಕೆಲಸಕ್ಕೇ ಏಟು ಬೀಳುತ್ತದೆ, ಅದಕ್ಕೆ ಬಿಡುವುದಿಲ್ಲ. ಕತೆಯ ಜೀವವೇ ಕಾರಣದಲ್ಲಿದೆ. ಕಾರಣದ ಜಾಗದಲ್ಲಿ ‘ಸುಸ್ತು’ ಅಂತ ಹಾಕಿದರೆ ಮಗು ಯೋಚಿಸಲು ಏನೂ ಉಳಿಯುವುದಿಲ್ಲ. ಒಬ್ಬ ಹುಡುಗ ನನ್ನನ್ನೇ ಕೇಳಿದ್ದ, ಸುಸ್ತಾಗಿದ್ದರೆ ಮನೆಗೆ ಹೋಗಿ ಮಲಗಬಹುದಿತ್ತಲ್ಲ ಅಂತ. ನ್ಯಾಯವಾದ ಪ್ರಶ್ನೆ!

ಸರಿ, ಬಸ್ಸಿಗೆ ಬರೋಣ.

ಇದು ಮಾದರಿ ಬಸ್ಸಲ್ಲ, ಅದೇ ಬಸ್ಸು. ಜನರಲ್ ಮೋಟಾರ್ಸ್ 1948ರಲ್ಲಿ ಮಾಡಿದ್ದು, ನಂಬರ್ 2857. ಅಮೆರಿಕದ ದಕ್ಷಿಣದ ಅಲಬಾಮಾ ರಾಜ್ಯದ ಮಾಂಟ್‌ಗಮರಿ ಊರಲ್ಲಿ ಓಡುತ್ತಿತ್ತು. 1970ರ ದಶಕದ ಶುರುವಿನಲ್ಲಿ ಕೆಲಸದಿಂದ ತೆಗೆದ ಮೇಲೆ ಅಲ್ಲಿಯವರೊಬ್ಬರು ಕೊಂಡು ಹೊಲದಲ್ಲಿ ನಿಲ್ಲಿಸಿದರು. ಒಳಗೆ ಮರದ ತುಂಡು, ಸಾಮಾನು ಸರಂಜಾಮು ತುಂಬಿದ್ದರಂತೆ. ನಮ್ಮ ಕಡೆ ಹಳೇ ಲಾರಿಯ ಕ್ಯಾಬಿನ್ನಲ್ಲಿ ಕೋಳಿ ಸಾಕುವ ಹಾಗೆ. ಇದೇ ಆ ಬಸ್ಸು ಅನ್ನುವುದಕ್ಕೆ ಪುರಾವೆ ಏನು? ಮಾಂಟ್‌ಗಮರಿಯ ಬಸ್ ನಿಲ್ದಾಣದ ಮ್ಯಾನೇಜರ್ ಆ ಕಾಲದ ಪತ್ರಿಕೆ ಸುದ್ದಿಗಳನ್ನು ಕತ್ತರಿಸಿ ಒಂದು ಪುಸ್ತಕಕ್ಕೆ ಅಂಟಿಸಿ ಇಟ್ಟಿದ್ದರು. ಅದರಲ್ಲಿ ಆ ದಿನದ ಡ್ರೈವರ್ ಬ್ಲೇಕ್ ಹೆಸರಿನ ಜೊತೆ 2857 ಅಂತ ಕೈಯಲ್ಲಿ ಬರೆದಿತ್ತು. 2001ರಲ್ಲಿ ಹರಾಜಿಗೆ ಬಂದಾಗ ಮ್ಯೂಸಿಯಂ 4,92,000 ಡಾಲರ್ ಕೊಟ್ಟು ಕೊಂಡಿತು. ರಿಪೇರಿ ಮಾಡಿ 2003ರಿಂದ ಜನರಿಗೆ ತೋರಿಸುತ್ತಿದ್ದಾರೆ. ಹೊರಗೆ ಹಳದಿ, ಬಿಳಿ, ಹಸಿರು ಬಣ್ಣ. ನೆತ್ತಿಯ ಮೇಲೆ ‘ಕ್ಲೀವ್‌ಲ್ಯಾಂಡ್ ಅವೆನ್ಯೂ’ ಅಂತ ಬೋರ್ಡು.

ಮುಖ್ಯ ವಿಷಯ ಏನಂದರೆ, ಬಸ್ಸಿನ ಒಳಗೆ ಹೋಗಬಹುದು. ಸೀಟಿನಲ್ಲಿ ಕೂರಬಹುದು. 2012ರಲ್ಲಿ ಒಬಾಮಾ ಬಂದು ಕೂತ ಫೋಟೋ ನೀವು ನೋಡಿರುತ್ತೀರಿ. ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಸೌಕರ್ಯ ಬೇಕಿಲ್ಲ. ‘ಮುಂದೆ’, ‘ಹಿಂದೆ’, ‘ಮಧ್ಯೆ’, ‘ಪಕ್ಕ’ ಅನ್ನುವ ಪದಗಳನ್ನು ಮೇಜಿನ ಮೇಲೆ ಆಟದ ಸಾಮಾನಿಟ್ಟು ಕಲಿಸುತ್ತೇವೆ. ಇಲ್ಲಿ ಮಗುವಿನ ಮೈಯೇ ಆ ಜಾಗದಲ್ಲಿರುತ್ತದೆ. ಮತ್ತೆ ಈ ಬಸ್ಸಿನಲ್ಲಿ ‘ಮುಂದೆ’, ‘ಹಿಂದೆ’ ಅನ್ನುವುದರ ಮೇಲೇ ಇಡೀ ಜಗಳ ನಿಂತಿದೆ.

ಒಟ್ಟು 36 ಸೀಟು. ಮುಂದಿನ 10 ಬಿಳಿಯರಿಗೆ. ಖಾಲಿ ಇದ್ದರೂ ಕಪ್ಪು ಜನ ಕೂರುವ ಹಾಗಿಲ್ಲ. ಹಿಂದಿನ 10 ಕಪ್ಪು ಜನರಿಗೆ. ಮಧ್ಯದ 16 ಡ್ರೈವರ್ ಹೇಳಿದ ಹಾಗೆ. ಕಪ್ಪು ಜನ ಮುಂದಿನ ಬಾಗಿಲಲ್ಲಿ ಹತ್ತಿ ದುಡ್ಡು ಹಾಕಬೇಕು, ಇಳಿಯಬೇಕು, ಹಿಂದಿನ ಬಾಗಿಲಿಗೆ ಹೋಗಿ ಮತ್ತೆ ಹತ್ತಬೇಕು. ಕೆಲವು ಡ್ರೈವರುಗಳು ಅಷ್ಟರಲ್ಲಿ ಬಸ್ ಬಿಟ್ಟುಕೊಂಡು ಹೋಗಿಬಿಡುತ್ತಿದ್ದರು. 1955ರ ಡಿಸೆಂಬರ್ 1ರ ಸಂಜೆ ರೋಸಾ ಪಾರ್ಕ್ಸ್ ಕೂತಿದ್ದು ಮಧ್ಯದ ಸೀಟುಗಳ ಮೊದಲ ಸಾಲಿನಲ್ಲಿ. ನಿಯಮ ಮುರಿದು ಕೂತಿರಲಿಲ್ಲ. ಮುಂದಿನ ಸೀಟೆಲ್ಲ ತುಂಬಿ ಒಬ್ಬ ಬಿಳಿಯ ಗಂಡಸು ನಿಂತ. ಅವನೊಬ್ಬನಿಗೋಸ್ಕರ ಆ ಸಾಲಿನ ನಾಲ್ಕೂ ಜನ ಏಳಬೇಕು, ಏಕೆಂದರೆ ಬಿಳಿಯನ ಸಾಲಿನಲ್ಲಿ ಕಪ್ಪು ಜನ ಕೂರಬಾರದು. ಮೂವರು ಎದ್ದರು. ಕಿಟಕಿ ಪಕ್ಕದಲ್ಲಿದ್ದ ಗಂಡಸು ಎದ್ದಾಗ ರೋಸಾ ಕಾಲು ಸರಿಸಿ ಅವನಿಗೆ ದಾರಿ ಬಿಟ್ಟರು. ಆಮೇಲೆ ತಾವೇ ಕಿಟಕಿ ಕಡೆಗೆ ಸರಿದು ಕೂತರು.

ಆ ಸರಿದು ಕೂತದ್ದು ನನಗೆ ಬಹಳ ಇಷ್ಟ. ಯಾವ ಕಾರ್ಡಿನಲ್ಲೂ ಅದು ಇರುವುದಿಲ್ಲ.

ನಾವು ಹತ್ತಿದಾಗ ಬಸ್ಸಿನಲ್ಲಿ ಹೆಚ್ಚು ಜನ ಇರಲಿಲ್ಲ. ಅಮ್ಮ ಹತ್ತಿದವಳೇ ಮೊದಲ ಸೀಟಿನಲ್ಲಿ ಕೂತುಬಿಟ್ಟಳು. “ಮುಂದಿನದು ಹೆಂಗಸರ ಸೀಟು ತಾನೇ?” ಅಂದಳು. ಮೈಸೂರು ಸಿಟಿ ಬಸ್ಸಿನ ಅಭ್ಯಾಸ.

ಚಿಕ್ಕವನಿಗೆ ಗಾಬರಿ. ಹೊರಗೆ ನಾನು ಸೀಟಿನ ಲೆಕ್ಕ ಹೇಳಿದ್ದೆ, ಅವನಿಗೆ ನೆನಪಿತ್ತು.

“ಅಜ್ಜಿ, ನೋ! ಅಲ್ಲಿ ಕೂತ್ಕೋಬಾರ್ದು.”

“ಯಾಕಪ್ಪಾ?”

“ರೂಲ್.”

“ಯಾರು ಮಾಡಿದ ರೂಲು?”

ಅವನು ಸುಮ್ಮನಾದ. ಇಲ್ಲಿ ನಾನು ಬಾಯಿ ಹಾಕುವವಳಿದ್ದೆ, ಅಷ್ಟರಲ್ಲಿ ಅಮ್ಮ ಕನ್ನಡಕ ಹುಡುಕಲು ಬ್ಯಾಗಿಗೆ ಕೈ ಹಾಕಿದಳು. ಕರ್ಚೀಫು ಬಂತು, ಮಾತ್ರೆ ಡಬ್ಬಿ ಬಂತು, ಕನ್ನಡಕ ಬರಲಿಲ್ಲ. ಥೆರಪಿಯಲ್ಲಿ ನಾವು ‘ಪ್ರಶ್ನೆ ಕೇಳಿದ ಮೇಲೆ ಕಾಯಿರಿ’ ಅಂತ ತಂದೆತಾಯಿಗೆ ಹೇಳಿ ಹೇಳಿ ಸೋಲುತ್ತೇವೆ. ಅಮ್ಮನಿಗೆ ಅದು ತಾನಾಗಿ ಬಂತು.

“ಡ್ರೈವರ್,” ಅಂದ. ಸ್ವಲ್ಪ ಹೊತ್ತಾದ ಮೇಲೆ, “ಡ್ರೈವರ್ ಹೇಳ್ದ ಏಳು ಅಂತ. ಅವ್ಳು ಏಳ್ಲಿಲ್ಲ.”

“ಯಾಕೆ ಏಳ್ಲಿಲ್ಲ ಆಯಮ್ಮ?”

“ಯಾಕಂದ್ರೆ ಅವ್ಳು ಫಸ್ಟ್ ಬಂದಿದ್ಲು.”

ಇತಿಹಾಸದ ಪರೀಕ್ಷೆಯಾಗಿದ್ದರೆ ಈ ಉತ್ತರಕ್ಕೆ ಅರ್ಧ ಮಾರ್ಕು. ನನ್ನ ಲೆಕ್ಕದಲ್ಲಿ ಪೂರ್ತಿ. ‘ಯಾಕೆ’ ಅಂದಾಗ ‘ಎಲ್ಲಿ’ ಅನ್ನುತ್ತಿದ್ದ ಹುಡುಗ, ತನಗೆ ಗೊತ್ತಿರುವ ನ್ಯಾಯದಿಂದಲೇ ಒಂದು ಕಾರಣ ಹುಡುಕಿ ತಂದ. ಶಾಲೆಯ ಜಾರುಬಂಡೆಯ ಹತ್ತಿರ ನಡೆಯುವುದೂ ಇದೇ ಜಗಳ ತಾನೇ, ಯಾರು ಮೊದಲು ಬಂದಿದ್ದು ಅಂತ. ಅಮ್ಮ ಅಷ್ಟಕ್ಕೆ ಬಿಡಲಿಲ್ಲ. “ಪಕ್ಕದವರು ಎದ್ರಲ್ಲ, ಅವರು ಯಾಕೆ ಎದ್ರು?” ಅಂದಳು. “ಭಯ” ಅಂದ. ಒಂದೇ ಪದ. ಕತೆಯಲ್ಲಿರುವವರ ಮನಸ್ಸಿನಲ್ಲಿ ಏನಿತ್ತು ಅಂತ ಹೇಳುವುದು ಇವನ ವಯಸ್ಸಿನ ಎಷ್ಟೋ ಮಕ್ಕಳಿಗೆ ಕಷ್ಟ. ನಾವು ಇದಕ್ಕೇ ನಗುವ ಮುಖ, ಅಳುವ ಮುಖದ ಚಿತ್ರ ಹಿಡಿದು ತಿಂಗಳುಗಟ್ಟಲೆ ಕೂರುತ್ತೇವೆ.

ಈ ಘಟನೆ ಮಕ್ಕಳ ಭಾಷೆಗೆ ಯಾಕೆ ಇಷ್ಟು ಒಗ್ಗುತ್ತದೆ ಅಂತ ನಾನು ಬಹಳ ಯೋಚಿಸಿದ್ದೇನೆ. ಮಗುವಿಗೆ ಕತೆ ಹೇಳಲು ಕಲಿಸುವಾಗ ನಾವು ಒಂದು ಎಲುಬಿನ ಗೂಡು ಕೊಡುತ್ತೇವೆ. ಯಾರು, ಎಲ್ಲಿ, ಏನು ತೊಂದರೆ ಆಯ್ತು, ಅವರಿಗೆ ಏನನ್ನಿಸಿತು, ಏನು ಮಾಡಿದರು, ಆಮೇಲೇನಾಯ್ತು. ಎಷ್ಟೋ ಮಕ್ಕಳ ಪುಸ್ತಕಗಳಲ್ಲಿ ತೊಂದರೆಯೇ ಪೊಳ್ಳು. ಮೊಲದ ಬಲೂನು ಹಾರಿಹೋಯಿತು, ಇನ್ನೊಂದು ಬಲೂನು ಸಿಕ್ಕಿತು. ಮಗುವಿಗೂ ಗೊತ್ತು, ಇದರಲ್ಲಿ ಏನಿಲ್ಲ ಅಂತ. ಬಸ್ಸಿನ ಕತೆಯಲ್ಲಿ ತೊಂದರೆ ನಿಜವಾದದ್ದು, ಮತ್ತು 7 ವರ್ಷದವನಿಗೂ ಅರ್ಥವಾಗುವಂಥದ್ದು: ನನ್ನ ಜಾಗ, ನನ್ನನ್ನು ಏಳಿಸುತ್ತಿದ್ದಾರೆ, ಇದು ಸರಿಯಾ? ಪಾತ್ರಗಳು ಕಮ್ಮಿ. ಜಾಗ ಒಂದೇ. ಮಾತು ಎಷ್ಟು ಕಮ್ಮಿ ನೋಡಿ. ಏಳುತ್ತೀಯಾ ಅಂತ ಡ್ರೈವರ್ ಕೇಳಿದ. ಇಲ್ಲ ಅಂದರು. ಅರೆಸ್ಟ್ ಮಾಡಿಸುತ್ತೇನೆ ಅಂದ. ಮಾಡಿಸಬಹುದು ಅಂದರು. ಅಷ್ಟೇ. ಉದ್ದ ಮಾತಾಡಲು ಬಾರದ ಮಗು ಕೂಡ ಈ ಇಡೀ ಸಂಭಾಷಣೆಯನ್ನು ಆಡಿ ತೋರಿಸಬಹುದು.

ಇಲ್ಲೊಂದು ಅಡ್ಡ ಮಾತು. ಬಾಯಿಮಾತು ಇಲ್ಲದ, ಟ್ಯಾಬ್ಲೆಟ್ಟಿನಲ್ಲಿ ಚಿತ್ರ ಒತ್ತಿ ಮಾತಾಡುವ ಮಕ್ಕಳಿಗೆ ನಾವು ಮೊದಲು ಏನು ಕಲಿಸುತ್ತೇವೆ? ‘ಇನ್ನೂ ಬೇಕು’, ‘ಪ್ಲೀಸ್’, ‘ಥ್ಯಾಂಕ್ಯೂ’. ‘ಬೇಡ’ ಅನ್ನುವ ಬಟನ್ ಹುಡುಕಿದರೆ ಎಲ್ಲೋ ಎರಡನೇ ಪುಟದಲ್ಲಿರುತ್ತದೆ. ದೊಡ್ಡವರಿಗೆ ಒಪ್ಪುವ ಮಾತೇ ಮೊದಲ ಪುಟದಲ್ಲಿ. ಬೇಡ ಅನ್ನಲು ಬಾರದ ಮಗು ಕಿರುಚುತ್ತದೆ, ಕಚ್ಚುತ್ತದೆ. ಆಮೇಲೆ ಅದಕ್ಕೆ ‘ವರ್ತನೆಯ ಸಮಸ್ಯೆ’ ಅಂತ ಇನ್ನೊಂದು ಫೈಲು ತೆರೆಯುತ್ತಾರೆ. ಅಂಥ ಮಗುವನ್ನು ಈ ಬಸ್ಸಿನಲ್ಲಿ ಕೂರಿಸಿ, ನೀವು ಡ್ರೈವರಾಗಿ “ಏಳು” ಅನ್ನಿ. ಅದು ‘ಬೇಡ’ ಒತ್ತಲಿ. ಒತ್ತಿದ ಮೇಲೆ ನೀವು ನಿಜವಾಗಲೂ ಹಿಂದೆ ಸರಿಯಿರಿ. ಮಾತಿಗೆ ಬಲ ಇದೆ ಅಂತ ಮಗುವಿಗೆ ಗೊತ್ತಾಗುವುದು ಹೀಗೆ, ಸ್ಟಿಕ್ಕರಿನಿಂದಲ್ಲ.

ದೊಡ್ಡವಳ ವಿಷಯ ಬೇರೆ. ಅವಳಿಗೆ ಕತೆಯ ಗೂಡು ಬೇಡ, ವಾದ ಬೇಕು. ಅವಳಿಗೆ ನಾನು ಕ್ಲಾಡೆಟ್ ಕಾಲ್ವಿನ್ ಕತೆ ಹೇಳಿದೆ. ರೋಸಾ ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮುಂಚೆ, 1955ರ ಮಾರ್ಚ್ 2ರಂದು, ಅದೇ ಊರಿನ ಬಸ್ಸಿನಲ್ಲಿ ಏಳುವುದಿಲ್ಲ ಅಂದ ಹುಡುಗಿ. ವಯಸ್ಸು 15. ಅವಳನ್ನು ಮುಂದಿಟ್ಟುಕೊಂಡು ಚಳವಳಿ ಮಾಡಲು ನಾಯಕರು ಹಿಂದೆಗೆದರು. ಚಿಕ್ಕವಳು, ಕೋಪ ಜಾಸ್ತಿ, ಜನ ಒಪ್ಪುವುದಿಲ್ಲ ಅಂತ. ಇದನ್ನು ಕೇಳಿ ನಮ್ಮ ದೊಡ್ಡವಳು ಕಿಡಿಕಿಡಿಯಾದಳು. “ಹಾಗಾದ್ರೆ ಮೊದಲು ಮಾಡಿದವಳಿಗೆ ಏನೂ ಇಲ್ವಾ, ದೊಡ್ಡಮ್ಮಾ?” ಇದೆ ಅಂದೆ. ಬಸ್ಸಿನ ಪ್ರತ್ಯೇಕ ಸೀಟಿನ ಕಾನೂನು ಕೊನೆಗೆ ಬಿದ್ದದ್ದು ರೋಸಾ ಪಾರ್ಕ್ಸ್ ಕೇಸಿನಿಂದಲ್ಲ. ಬ್ರೌಡರ್ ವಿರುದ್ಧ ಗೇಲ್ ಅನ್ನುವ ಕೇಸಿನಿಂದ. ಅದನ್ನು ಹಾಕಿದ ಹೆಂಗಸರಲ್ಲಿ ಕಾಲ್ವಿನ್ ಒಬ್ಬಳು. 1956ರ ನವೆಂಬರ್‌ನಲ್ಲಿ ಆ ಕಾನೂನು ಸಂವಿಧಾನಕ್ಕೆ ವಿರುದ್ಧ ಅನ್ನುವ ಕೆಳಗಿನ ಕೋರ್ಟಿನ ತೀರ್ಪನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

11 ವರ್ಷದವಳ ಭಾಷೆಯಲ್ಲಿ ಬೆಳೆಯಬೇಕಾದ್ದೇ ಇದು. ‘ಮೊದಲು ಮಾಡಿದ್ದರೂ’, ‘ಒಪ್ಪದೇ ಹೋದರೂ’, ‘ಹಾಗಿದ್ದಿದ್ದರೆ’. ಒಂದೇ ವಾಕ್ಯದಲ್ಲಿ ಎರಡು ಸತ್ಯ ಹಿಡಿಯುವ ಮಾತುಗಳು. ಇವು ವ್ಯಾಕರಣದ ಹಾಳೆಯಿಂದ ಬರುವುದಿಲ್ಲ. ಯಾವುದಾದರೂ ವಿಷಯಕ್ಕೆ ಮಗುವಿಗೆ ಸಿಟ್ಟು ಬರಬೇಕು.

ಇನ್ನೊಂದು ಸಂಗತಿಯೂ ಅವಳಿಗೆ ಹಿಡಿಸಿತು. ಅದೇ ಡ್ರೈವರ್, ಜೇಮ್ಸ್ ಬ್ಲೇಕ್, 1943ರಲ್ಲೂ ರೋಸಾ ಪಾರ್ಕ್ಸ್ ಅವರನ್ನು ಇಳಿದು ಹಿಂದಿನ ಬಾಗಿಲಿನಿಂದ ಹತ್ತು ಅಂತ ಗದರಿಸಿದ್ದ. ಆಮೇಲೆ 12 ವರ್ಷ ಅವನು ಓಡಿಸುವ ಬಸ್ಸನ್ನು ಆಕೆ ನೋಡಿ ನೋಡಿ ತಪ್ಪಿಸಿದ್ದರು. ಆ ಸಂಜೆ ಡ್ರೈವರ್ ಯಾರು ಅಂತ ಗಮನಿಸದೆ ಹತ್ತಿಬಿಟ್ಟರು. “ನೋಡಿದ್ರೆ ಹತ್ತುತ್ತಲೇ ಇರ್ಲಿಲ್ಲ, ಹತ್ತದೇ ಇದ್ದಿದ್ರೆ ಏನಾಗ್ತಿತ್ತು?” ಅಂತ ಅವಳು ಬಸ್ಸಿಳಿದ ಮೇಲೂ ಕೊರೆಯುತ್ತಿದ್ದಳು. ಚಿಕ್ಕವನಿಗೆ ಅಷ್ಟರಲ್ಲಿ ಬಸ್ಸು ಸಾಕಾಗಿ ರೈಲು ಬೇಕಾಗಿತ್ತು.

ಹಾ, ಅಲೆಗೆನಿ ಅನ್ನುವ ದೈತ್ಯ ಉಗಿ ಎಂಜಿನ್ ಅದೇ ಸೂರಿನ ಅಡಿಯಲ್ಲಿದೆ. ಸಾಸೇಜ್ ಆಕಾರದ ಕಾರೂ ಇದೆ. ಬಿಸಿ ಪ್ಲಾಸ್ಟಿಕ್ಕಿನಲ್ಲಿ ಕಣ್ಣೆದುರೇ ಗೊಂಬೆ ಎರಕ ಹೊಯ್ದು ಕೊಡುವ ಹಳೇ ಮೆಷೀನುಗಳಿವೆ, ಮಕ್ಕಳು ಅದರ ಮುಂದೆ ನಿಂತರೆ ಕದಲುವುದಿಲ್ಲ. ಎಕರೆಗಟ್ಟಲೆ ಜಾಗ. ಹಾಗಾಗಿ ನನ್ನ ಸಲಹೆ, ಒಳಗೆ ಕಾಲಿಟ್ಟ ತಕ್ಷಣ ಬಸ್ಸಿಗೆ ಹೋಗಿ. ಮಗುವಿನ ತಲೆ ತಾಜಾ ಇರುವಾಗ ಅಲ್ಲಿನ ಕೆಲಸ ಮುಗಿಸಿ, ಆಮೇಲೆ ರೈಲು ತೋರಿಸುತ್ತೇನೆ ಅಂತ ಹೇಳಿ. ಹೇಳಿದ ಮೇಲೆ ತೋರಿಸಿ. ಸದ್ದಿಗೆ ಬೆಚ್ಚುವ ಮಕ್ಕಳಿದ್ದರೆ ಕಿವಿ ಮುಚ್ಚುವ ಹೆಡ್‌ಫೋನ್ ತೆಗೆದುಕೊಂಡು ಹೋಗಿ. ಇಷ್ಟು ದೊಡ್ಡ ಹಾಲಿನಲ್ಲಿ ಶಾಲೆಯ ಮಕ್ಕಳೆಲ್ಲ ಒಟ್ಟಿಗೆ ಸೇರಿದರೆ ಸದ್ದು ಆಗೇ ಆಗುತ್ತದೆ. ಬಸ್ಸು ಬೇರೆ ಎಲ್ಲರಿಗೂ ಬೇಕಾದದ್ದು. ಒಂದು ಸೀಟಿನಲ್ಲಿ ಗಂಟೆಗಟ್ಟಲೆ ಥೆರಪಿ ಮಾಡುತ್ತೇನೆ ಅಂತ ಹೋಗಬೇಡಿ. ನಾಲ್ಕು ಪ್ರಶ್ನೆ, ಒಂದು ಸಣ್ಣ ನಾಟಕ, ಅಷ್ಟು ಸಾಕು. ಉಳಿದದ್ದು ಮನೆಯಲ್ಲಿ ಕುರ್ಚಿ ಸಾಲಾಗಿಟ್ಟು ಮಾಡಬಹುದು. ನಮ್ಮ ಮನೆಯಲ್ಲಿ ಊಟದ ಮೇಜಿನ ಕುರ್ಚಿಗಳು ಈಗಲೂ ಎರಡೆರಡು ಸಾಲಿನಲ್ಲೇ ಇವೆ, ತಂಗಿ ಬೈಯುತ್ತಿದ್ದಾಳೆ.

ಬಸ್ಸು ಇರುವ ವಿಭಾಗದಲ್ಲೇ ಲಿಂಕನ್ ಗುಂಡೇಟು ತಿಂದಾಗ ಕೂತಿದ್ದ ಕುರ್ಚಿಯಿದೆ. ಚಿಕ್ಕ ಮಕ್ಕಳಿಗೆ ಬೇಡ, ಅವರ ತಲೆ ಬೇರೆ ಕಡೆ ಹೋಗುತ್ತದೆ. ದೊಡ್ಡ ಮಕ್ಕಳಿಗಾದರೆ ಇನ್ನೊಂದು ವಿಷಯ ಮಾತಾಡಬಹುದು. ಈ ಮ್ಯೂಸಿಯಂ ಕಟ್ಟಿದ ಹೆನ್ರಿ ಫೋರ್ಡ್ 1920ರ ದಶಕದಲ್ಲಿ ತನ್ನ ಪತ್ರಿಕೆಯಲ್ಲಿ ಯಹೂದಿಗಳ ಮೇಲೆ ವಿಷ ಕಾರಿಸಿದವನು. ಡಿಯರ್‌ಬಾರ್ನ್ ಊರಿಗೆ 1942ರಿಂದ 1978ರವರೆಗೆ ಮೇಯರ್ ಆಗಿದ್ದ ಆರ್ವಿಲ್ ಹಬರ್ಡ್, ಕಪ್ಪು ಜನ ಇಲ್ಲಿ ಮನೆ ಮಾಡಬಾರದು ಅನ್ನುತ್ತಿದ್ದವನು. ಆ ಊರಿನಲ್ಲೇ ಈ ಬಸ್ಸು ಇದೆ. ರೋಸಾ ಪಾರ್ಕ್ಸ್ ಕೂಡ ಅರೆಸ್ಟ್ ಆದಮೇಲೆ ಕೆಲಸ ಕಳೆದುಕೊಂಡು, ಬೆದರಿಕೆ ಕರೆ ಕೇಳಿ ಕೇಳಿ, 1957ರಲ್ಲಿ ಡೆಟ್ರಾಯ್ಟಿಗೆ ಬಂದರು. 2005ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಇದ್ದರು. ದಕ್ಷಿಣದಲ್ಲಿ ಕೆಟ್ಟವರು, ಉತ್ತರದಲ್ಲಿ ಒಳ್ಳೆಯವರು ಅನ್ನುವ ಸುಲಭದ ಕತೆ ನಮ್ಮ ಮಕ್ಕಳ ತಲೆಯಲ್ಲಿ ಕೂರಬಾರದಲ್ವಾ.

ವಾಪಸ್ ಬರುವಾಗ ಕಾರಿನಲ್ಲಿ ಅಮ್ಮ ತನ್ನ ಬಾಲ್ಯದ ಊರಿನ ಕತೆ ತೆಗೆದಳು. ಹೋಟೆಲಿನಲ್ಲಿ ಕೆಲವರಿಗೆ ಬೇರೆ ಲೋಟ, ಅದು ಹೊರಗಿನ ಗೂಡಿನಲ್ಲಿರುತ್ತಿತ್ತು, ಕುಡಿದವರೇ ತೊಳೆದಿಡಬೇಕಿತ್ತು. ಚಿಕ್ಕವನು ಕೇಳಿದ, “ನೀನು ಡ್ರೈವರ್‌ಗೆ ಹೇಳಿದ್ಯಾ?” ಹೋಟೆಲಿನವರನ್ನೇ ಡ್ರೈವರ್ ಮಾಡಿಬಿಟ್ಟಿದ್ದ. “ಇಲ್ಲ ಕಣೋ, ಯಾರೂ ಹೇಳ್ತಿರ್ಲಿಲ್ಲ,” ಅಂದಳು. “ಯಾಕೆ?” ಅಂದ. ಈಗ ಪ್ರಶ್ನೆ ಅವನದು! ಅಮ್ಮ ಮನೆ ಬರುವವರೆಗೂ ಉತ್ತರ ಹೇಳುತ್ತಲೇ ಇದ್ದಳು, ಅಷ್ಟೂ ಕನ್ನಡದಲ್ಲಿ.

ಕನ್ನಡದಲ್ಲಿ ಅನ್ನುವುದನ್ನು ಇಲ್ಲಿನ ತಂದೆತಾಯಿ ಗಮನಿಸಬೇಕು. ಮಗುವಿಗೆ ಮಾತು ತಡವಾದರೆ ‘ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ’ ಅಂತ ಸಲಹೆ ಕೊಡುವವರು ಇನ್ನೂ ಇದ್ದಾರೆ. ಎರಡು ಭಾಷೆಯಿಂದ ಮಾತಿನ ತೊಂದರೆ ಬರುವುದಿಲ್ಲ. ಅಜ್ಜಿಯ ಬಾಯಿ ಮುಚ್ಚಿಸಿದರೆ ಮಗುವಿಗೆ ಸಿಗುವ ಮಾತೇ ಕಮ್ಮಿಯಾಗುತ್ತದೆ.

ಮನೆಮಾತು ದೋಷವಲ್ಲ ಅನ್ನುವ ಮಾತಿಗೆ ಒಂದು ಬೇರು ಇಲ್ಲೇ ಇದೆ, ಡಿಯರ್‌ಬಾರ್ನಿನಿಂದ ಅರ್ಧ ಗಂಟೆ ದೂರದ ಆನ್ ಆರ್ಬರ್‌ನಲ್ಲಿ. ಅಲ್ಲಿನ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಶಾಲೆಯ ಬಡ ಕಪ್ಪು ಮಕ್ಕಳನ್ನು ಕಲಿಕೆಯಲ್ಲಿ ಹಿಂದುಳಿದವರು ಅಂತ ಶಾಲೆ ಪಕ್ಕಕ್ಕಿಟ್ಟಿತ್ತು. ಆ ಮಕ್ಕಳ ಪರವಾಗಿ 1977ರಲ್ಲಿ ಕೇಸು ಬಿತ್ತು. ಅವರು ಮನೆಯಲ್ಲಿ ಆಡುತ್ತಿದ್ದುದು ಕಪ್ಪು ಜನರ ಇಂಗ್ಲಿಷ್, ಅದಕ್ಕೆ ತನ್ನದೇ ನಿಯಮಗಳಿವೆ ಅಂತ ಜಿನೀವಾ ಸ್ಮಿದರ್‌ಮನ್ ಮತ್ತಿತರ ಭಾಷಾತಜ್ಞರು ಸಾಕ್ಷಿ ಹೇಳಿದರು. 1979ರ ಜುಲೈನಲ್ಲಿ ನ್ಯಾಯಾಧೀಶ ಚಾರ್ಲ್ಸ್ ಜಾಯ್ನರ್ ಮಕ್ಕಳ ಪರವಾಗಿ ತೀರ್ಪು ಕೊಟ್ಟರು. ಮಕ್ಕಳ ಮನೆಮಾತನ್ನು ಗುರುತಿಸಿ ಓದು ಕಲಿಸುವುದನ್ನು ಶಿಕ್ಷಕರಿಗೆ ಹೇಳಿಕೊಡಬೇಕು ಅಂದರು. ಕೆಲವು ವರ್ಷಗಳ ನಂತರ, 1983ರಲ್ಲಿ, ಅಮೆರಿಕದ ಸ್ಪೀಚ್ ಥೆರಪಿಸ್ಟುಗಳ ಸಂಘವೂ ಇಂಗ್ಲಿಷಿನ ಯಾವ ಉಪಭಾಷೆಯೂ ರೋಗವಲ್ಲ ಅಂತ ನಿಲುವು ತೆಗೆದುಕೊಂಡಿತು. ನಾಗರಿಕ ಹಕ್ಕುಗಳ ಇತಿಹಾಸ ನಮ್ಮ ಕಸುಬಿಗೆ ಫೆಬ್ರವರಿಯ ಪಾಠ ಮಾತ್ರವಲ್ಲ. ಯಾವ ಮಗುವನ್ನು ಥೆರಪಿಗೆ ಹಾಕಬೇಕು, ಯಾವ ಮಗುವನ್ನು ಸುಮ್ನೆ ಬಿಡಬೇಕು ಅಂತ ನಿರ್ಧರಿಸುವಾಗ ನಾನು ಇವತ್ತಿಗೂ ಅದರ ನೆರಳಿನಲ್ಲೇ ಕೂತಿರುತ್ತೇನೆ. ನಮ್ಮ ಕನ್ನಡದ ಮಕ್ಕಳು ‘ವಿ’ ಮತ್ತು ‘ಡಬ್ಲ್ಯು’ ಒಂದೇ ಥರ ಅಂದಾಗ ಅದು ದೋಷವಲ್ಲ, ಮನೆಮಾತಿನ ಗುರುತು ಅಂತ ವರದಿಯಲ್ಲಿ ಬರೆಯಲು ನನಗೆ ಧೈರ್ಯ ಬಂದದ್ದೂ ಅಲ್ಲಿಂದಲೇ.

ಈಗ ಅಂಕ ಕೊಡುವ ಕೆಲಸ. ಆ ಪ್ಯಾಕೆಟ್ಟಿಗೆ ಐದರಲ್ಲಿ ಒಂದೂವರೆ. ಚಿತ್ರಗಳಿಗೆ ಒಂದು, ಲ್ಯಾಮಿನೇಟ್ ಮಾಡಿದ ನನ್ನ ಶ್ರಮಕ್ಕೆ ಅರ್ಧ. ಮೂರನೇ ಕಾರ್ಡನ್ನು ಕಸದ ಬುಟ್ಟಿಗೆ ಹಾಕಿ, ಆ ಜಾಗದಲ್ಲಿ ಖಾಲಿ ಕಾರ್ಡ್ ಇಟ್ಟು, ‘ಯಾಕೆ ಏಳಲಿಲ್ಲ, ನೀನೇ ಹೇಳು’ ಅಂತ ಬಳಸುತ್ತಿದ್ದೇನೆ. ಬಸ್ಸಿಗೆ ಐದಕ್ಕೆ ಐದು. ಸುಮಾರು 6 ವರ್ಷದಿಂದ ಮೇಲಿನ ಮಕ್ಕಳಿಗೆ ಒಪ್ಪುತ್ತದೆ. ಅದಕ್ಕಿಂತ ಚಿಕ್ಕವರಿಗೆ ಅದು ಬರೀ ಬಸ್ಸು, ಅದೂ ಓಡದ ಬಸ್ಸು. ಟಿಕೆಟ್ ಅಗ್ಗವೇನಲ್ಲ. ಹತ್ತಿರದಲ್ಲಿರುವವರು ವರ್ಷದ ಮೆಂಬರ್‌ಶಿಪ್ ಮಾಡಿಸಿದರೆ ಒಂದೇ ದಿನದಲ್ಲಿ ಎಲ್ಲ ನೋಡಿಸುವ ಆತುರ ತಪ್ಪುತ್ತದೆ. ಮಾತು ಕಲಿಯುವ ಮಗುವಿಗೆ ಅದೇ ಕತೆಯನ್ನು ಮತ್ತೆ ಮತ್ತೆ ಹೇಳುವುದು ಬೇಕು.

ಮಿಶಿಗನ್ ದೂರ ಅನ್ನುವವರು ಮಾಂಟ್‌ಗಮರಿಯಲ್ಲಿ ಆಕೆ ಅರೆಸ್ಟ್ ಆದ ಜಾಗದಲ್ಲೇ ಇರುವ ರೋಸಾ ಪಾರ್ಕ್ಸ್ ಮ್ಯೂಸಿಯಂಗೆ ಹೋಗಬಹುದು. ಆಕೆ ಅರೆಸ್ಟ್ ಆದಮೇಲೆ ಊರಿನ ಕಪ್ಪು ಜನ 381 ದಿನ ನಡೆಸಿದ ಬಸ್ ಬಹಿಷ್ಕಾರದ ಕತೆ ಅಲ್ಲಿ ಚೆನ್ನಾಗಿ ಸಿಗುತ್ತದೆ. ಜನ ಮೈಲಿಗಟ್ಟಲೆ ನಡೆದದ್ದು, ಚರ್ಚುಗಳು ಗಾಡಿ ಹೊಂದಿಸಿದ್ದು ಎಲ್ಲ. ‘ಮೊದಲು’, ‘ಆಮೇಲೆ’, ‘ಕೊನೆಗೆ’ ಕಲಿಯುವ ಮಕ್ಕಳಿಗೆ ಅದೇ ವಾಸಿ. ಅಟ್ಲಾಂಟಾ ಕಡೆಯ ಕನ್ನಡದವರಿಗೆ ಕಾರಿನಲ್ಲಿ ಎರಡೂವರೆ ಗಂಟೆಯ ದಾರಿ. ಮೆಂಫಿಸ್ಸಿನ ನಾಗರಿಕ ಹಕ್ಕುಗಳ ಮ್ಯೂಸಿಯಂನಲ್ಲೂ ಹತ್ತಿ ಕೂರುವ ಬಸ್ಸೊಂದಿದೆ. ಆದರೆ ಅದು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೊಂದ ಮೋಟೆಲ್‌ನಲ್ಲೇ ಇರುವ ಮ್ಯೂಸಿಯಂ. ಸಾವಿನ ಬಗ್ಗೆ ಪ್ರಶ್ನೆ ಬಂದರೆ ಉತ್ತರಿಸಲು ನೀವು ಸಿದ್ಧರಿರಬೇಕು. ಅಜ್ಜಿ ತಾತ ಜೊತೆಗಿದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಗಾಲಿಕುರ್ಚಿ ಸಿಗುತ್ತದಾ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.